ಚಿತ್ರಗಳ ರಾಶಿಯಲ್ಲಿ ಕುಸಿದ ಮನೆ ಹುಡುಕುವ ಯಂತ್ರ

ಪುಟ್ಟ ತಂಗಿಯನ್ನು ತಬ್ಬಿ ಕುಳಿತ ಹುಡುಗನ ಚಿತ್ರವೊಂದು 2015ರ ನೇಪಾಳ ಭೂಕಂಪದ ವೇಳೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ನೋಡಿದವರೆಲ್ಲ ಮರುಗಿದರು. ಅಸಲಿಗೆ ಅದು 2007ರಲ್ಲಿ ವಿಯೆಟ್ನಾಂನ ಹಾ ಜಿಯಾಂಗ್‌ನಲ್ಲಿ ತೆಗೆದ ಚಿತ್ರ. ಇಂಥವುಗಳ ಜೊತೆಗೆ ಮೇಣದಬತ್ತಿ, ಪ್ರಾರ್ಥನೆಯ ಪೋಸ್ಟರ್, ಕಠ್ಮಂಡುವಿನಲ್ಲಿ ಉರುಳಿದ ಧರಹರಾ ಗೋಪುರದ ಅದದೇ ಫೋಟೊ. ಇವುಗಳ ನಡುವೆಯೇ ಎಲ್ಲೋ ಒಂದು, ನಿಜವಾಗಿ ಕುಸಿದ ಮನೆಯದ್ದು. ಅದನ್ನು ಹುಡುಕುತ್ತ ಕೂರಲು ರಕ್ಷಣಾ ತಂಡಕ್ಕೆ ಪುರುಸೊತ್ತೆಲ್ಲಿ?

ದೋಹಾದ ಕತಾರ್ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆಯ ತಂಡ ಈ ಕೆಲಸವನ್ನು ಯಂತ್ರಕ್ಕೆ ಕಲಿಸಲು ಹೊರಟಿತು. ಮೊದಲು ಬೇಕಾದದ್ದು ಮನುಷ್ಯರ ಕಣ್ಣು: ತೀವ್ರ ಹಾನಿ, ಅಲ್ಪ ಹಾನಿ, ಹಾನಿಯಿಲ್ಲ ಎಂದು ಸಾವಿರಾರು ಚಿತ್ರಗಳಿಗೆ ಗುರುತು ಹಾಕಬೇಕು. ನಾಯಿ, ಕುರ್ಚಿ, ಬಸ್ಸುಗಳನ್ನು ಗುರುತಿಸಲು ಮೊದಲೇ ಕಲಿತ ಮಾದರಿಯನ್ನೇ ತಂದು, ಈ ಚಿತ್ರಗಳಿಂದ ಅದಕ್ಕೆ ಮರುಪಾಠ ಹೇಳುತ್ತಾರೆ. ಗೆರೆ, ಅಂಚು, ಆಕಾರ ಅದಕ್ಕೆ ಗೊತ್ತೇ ಇರುವುದರಿಂದ ಲಕ್ಷಗಟ್ಟಲೆ ಚಿತ್ರ ಬೇಕಾಗುವುದಿಲ್ಲ. ಮತ್ತೆ ಮತ್ತೆ ಬರುವ ಅದೇ ಫೋಟೊಗಳಿಗೂ ಉಪಾಯವಿದೆ: ಪ್ರತಿ ಚಿತ್ರಕ್ಕೂ ಚಿಕ್ಕದೊಂದು ಸಂಕೇತ ಕೊಟ್ಟು ಹೋಲಿಸಿದರೆ, ಅಳತೆ ಬದಲಾದರೂ ನಕಲುಗಳು ಸಿಕ್ಕಿಬೀಳುತ್ತವೆ. 2018ರಲ್ಲಿ ಈ ತಂಡ, ಹಿಂದಿನ ವರ್ಷದ ಏಳು ವಿಪತ್ತುಗಳ ಸುಮಾರು 18 ಸಾವಿರ ಚಿತ್ರಗಳನ್ನು ಎಲ್ಲ ಸಂಶೋಧಕರಿಗೂ ಸಿಗುವಂತೆ ಪ್ರಕಟಿಸಿತು. ಹಾರ್ವೆ ಚಂಡಮಾರುತ, ಮೆಕ್ಸಿಕೊ ಭೂಕಂಪದ ಜೊತೆ ಶ್ರೀಲಂಕಾದ ನೆರೆಯೂ ಅದರಲ್ಲಿದೆ.

ಕಷ್ಟ ಇರುವುದು 'ಅಲ್ಪ ಹಾನಿ'ಯಲ್ಲಿ. ಬಿರುಕು ಬಿಟ್ಟ ಗೋಡೆ ಅಲ್ಪವೋ ತೀವ್ರವೋ ಎಂದರೆ ಗುರುತು ಹಾಕುವವರಲ್ಲೇ ಒಮ್ಮತವಿಲ್ಲ, ಯಂತ್ರ ಎಡವುವುದೂ ಅಲ್ಲೇ. ನೇಪಾಳದ ಇಟ್ಟಿಗೆ ರಾಶಿ ನೋಡಿ ಕಲಿತದ್ದು ಫ್ಲಾರಿಡಾದ ಹಾರಿಹೋದ ಛಾವಣಿ ಕಂಡು ತಡವರಿಸುತ್ತದೆ. ವಿಯೆಟ್ನಾಂನ ಆ ಮಕ್ಕಳು ಎಲ್ಲಿಯವರೆಂದು ಹೇಳುವುದಂತೂ ಹಾನಿ ಅಳೆಯಲು ಕಲಿತ ಯಂತ್ರದ ಕೈಲಾಗದು.

ನನ್ನನ್ನು ಹೆಚ್ಚು ಕಾಡುವುದು ಬಾರದ ಚಿತ್ರಗಳು. ನೇಪಾಳದ ಆ ಭೂಕಂಪದಲ್ಲಿ ಅತಿ ಹೆಚ್ಚು ಜನ ಸತ್ತದ್ದು ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ. ಗುಡ್ಡದ ಹಳ್ಳಿಗಳಲ್ಲಿ ದಾರಿ ಕಡಿದು, ಕರೆಂಟು ಹೋಗಿ, ಸಿಗ್ನಲ್ಲೂ ಇಲ್ಲದಾಗ ಫೋಟೊ ಕಳಿಸುವವರು ಯಾರು? ಭೂಪಟದಲ್ಲಿ ಚಿತ್ರ ಬಂದ ಕಡೆಗಷ್ಟೇ ಕೆಂಪು ಬಳಿದರೆ ಕಠ್ಮಂಡುವೇ ಎದ್ದು ಕಾಣುತ್ತದೆ, ಹಳ್ಳಿಗಳು ಕ್ಷೇಮವಾಗಿರುವಂತೆ ತೋರುತ್ತವೆ. ಆದ್ದರಿಂದ ಕಂಪನ ಜೋರಾಗಿದ್ದೂ ಒಂದೇ ಒಂದು ಚಿತ್ರ ಬಾರದ ಊರುಗಳಿಗೆ ಅದರಲ್ಲಿ ಬೇರೆಯೇ ಬಣ್ಣವಿರಬೇಕು. ಮೊದಲ ಹೆಲಿಕಾಪ್ಟರ್‌ಗಳಲ್ಲಿ ಒಂದಾದರೂ ಅತ್ತ ಹೋಗಬೇಕು.