ಅರ್ಜಿಯ ಚೌಕದಲ್ಲಿ ಬರೆದ ಹೆಸರು ದಾಖಲೆಗೆ ಸೇರುವ ಬಗೆ

ರೈಲಿನ ಟಿಕೆಟ್, ಮಕ್ಕಳ ಕಾಲೇಜಿನ ಪ್ರವೇಶ, ವಿದ್ಯುತ್ ಬಿಲ್ಲು, ಸಂಘದ ಸದಸ್ಯತ್ವ ಇವೆಲ್ಲಕ್ಕೂ ಈಗ ಕಾಗದದ ಅರ್ಜಿಯನ್ನು ಹುಡುಕುವವರು ವಿರಳ. ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲಿನ ಚೌಕಗಳಲ್ಲಿ ಹೆಸರು, ವಿಳಾಸ, ಸಂಖ್ಯೆಗಳನ್ನು ತುಂಬಿ ಕೆಳಗಿನ ಗುಂಡಿಯನ್ನು ಒತ್ತುತ್ತೇವೆ. ಚೌಕದಲ್ಲಿ ಕಾಣುವುದೇ ಅತ್ತ ಕಡೆ ದಾಖಲಾಗುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಹೆಸರನ್ನು ಸ್ಪಷ್ಟವಾಗಿ ತುಂಬಿದ್ದರೂ ‘ದಯವಿಟ್ಟು ಹೆಸರನ್ನು ತುಂಬಿರಿ’ ಎಂಬ ಕೆಂಪು ಸಾಲು ಮೂಡುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಕಣ್ಣಿಗೆ ಕಾಣುವ ಹೆಸರು ಯಂತ್ರಕ್ಕೇಕೆ ಕಾಣಲಿಲ್ಲ?

ಉತ್ತರ ಸರಳವಾಗಿದೆ. ಚೌಕದಲ್ಲಿರುವ ಹೆಸರು ಬೇರೆ, ಪ್ರೋಗ್ರಾಮಿನ ನೆನಪಿನಲ್ಲಿರುವ ಹೆಸರು ಬೇರೆ. ಎರಡನ್ನೂ ಒಂದೇ ಆಗಿರುವಂತೆ ಕಾಯುವ ಏರ್ಪಾಡಿಗೆ ತಂತ್ರಾಂಶ ರಚಿಸುವವರು ‘ಬೈಂಡಿಂಗ್’ ಎನ್ನುತ್ತಾರೆ. ನಾವು ಅದನ್ನು ಬೆಸುಗೆ ಎನ್ನೋಣ.

ಹೊರನಾಡ ಕನ್ನಡಿಗರಲ್ಲಿ ಮಗನೋ ಮಗಳೋ ಸೊಸೆಯೋ ಈ ವೃತ್ತಿಯಲ್ಲಿರುವ ಕುಟುಂಬಗಳು ಬಹಳ. ರಿಯಾಕ್ಟ್, ಆಂಗ್ಯುಲರ್, ವ್ಯೂ ಎಂಬ ಹೆಸರುಗಳು ಊಟದ ಹೊತ್ತಿನ ಮಾತಿನಲ್ಲೂ ಕೇಳಿಬರುತ್ತವೆ. ಕಲಾ ವಿಭಾಗದಲ್ಲಿ ಓದಿ ಬ್ಯಾಂಕಿನ ಉದ್ಯೋಗಕ್ಕೆ ಬಂದ ನಮ್ಮಂಥವರಿಗೆ ಆ ಹೆಸರುಗಳು ಹೊಸತಾದರೂ ಅವುಗಳೊಳಗಿನ ಪ್ರಶ್ನೆ ಹೊಸತಲ್ಲ. ಒಂದೇ ಮೊತ್ತವನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟರೆ ಮೂಲ ಯಾವುದು, ನಕಲು ಯಾವುದು ಎಂಬುದೇ ಆ ಪ್ರಶ್ನೆ.

ಆರಂಭದ ದಿನಗಳಲ್ಲಿ ಇದು ಏಳಲೇ ಇಲ್ಲ. 1995ರಲ್ಲಿ ಎಚ್‌ಟಿಎಂಎಲ್‌ನ ಎರಡನೆಯ ಆವೃತ್ತಿಯು ಅರ್ಜಿಯ ಚೌಕಗಳನ್ನು ಶಿಷ್ಟ ರೂಪಕ್ಕೆ ತಂದಿತು. ಚೌಕದಲ್ಲಿ ಬರೆದುದನ್ನು ಬ್ರೌಸರ್ ತಾನೇ ಇಟ್ಟುಕೊಂಡು, ಗುಂಡಿ ಒತ್ತಿದೊಡನೆ ಒಟ್ಟಾಗಿ ಕಳುಹಿಸುತ್ತಿತ್ತು. ಪ್ರತಿ ಒಂದೇ, ಆದ್ದರಿಂದ ತಾಳೆ ನೋಡುವ ಅಗತ್ಯವೂ ಇರಲಿಲ್ಲ. ಅದೇ ವರ್ಷ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. ಪುಟಗಳು ಬರೆಯುತ್ತಿರುವಾಗಲೇ ಉತ್ತರ ಕೊಡಲಾರಂಭಿಸಿದವು. ಸಾಲದ ಮೊತ್ತ ಬರೆದೊಡನೆ ಪಕ್ಕದಲ್ಲೇ ಮಾಸಿಕ ಕಂತು ಕಾಣಬೇಕೆಂದರೆ ಪ್ರೋಗ್ರಾಂ ಆ ಮೊತ್ತವನ್ನು ತನ್ನ ಬಳಿಯೂ ಇಟ್ಟುಕೊಳ್ಳಬೇಕು. ಅಲ್ಲಿಂದ ಪ್ರತಿಗಳು ಎರಡಾದವು.

ಚೌಕದೊಳಗೂ ಒಂದು ಸೂಕ್ಷ್ಮವಿದೆ. ಪುಟವನ್ನು ಬರೆಯುವಾಗ ಚೌಕಕ್ಕೆ ಕೊಡುವ ‘ವ್ಯಾಲ್ಯೂ’ ಎಂಬ ಗುಣ ಕೇವಲ ಆರಂಭಿಕ ಶಿಲ್ಕು. ನಾವು ಬೆರಳಾಡಿಸಿದ ಮೇಲೆ ಬದಲಾಗುವುದು ಚಾಲ್ತಿ ಶಿಲ್ಕು. ಎರಡಕ್ಕೂ ಒಂದೇ ಹೆಸರಿರುವುದರಿಂದ ಹೊಸಬರು ಮೊದಲನೆಯದನ್ನು ಓದಿ, ಬಳಕೆದಾರರು ಏನನ್ನೂ ಬದಲಿಸಿಲ್ಲವೆಂದು ತಿಳಿಯುವುದುಂಟು.

ಈ ಎರಡು ಪ್ರತಿಗಳನ್ನು ಪ್ರತಿ ಚೌಕಕ್ಕೂ ಕೈಯಿಂದ ಹೊಂದಿಸುವುದು ಬೇಸರದ ದುಡಿಮೆ. 2010ರಲ್ಲಿ ಗೂಗಲ್ ಹೊರತಂದ ಆಂಗ್ಯುಲರ್‌ಜೆಎಸ್ ಈ ದುಡಿಮೆಯನ್ನು ತಾನು ವಹಿಸಿಕೊಂಡಿತು. ಚೌಕಕ್ಕೆ ‘ಎನ್‌ಜಿ-ಮಾಡೆಲ್’ ಎಂಬ ಒಂದು ಗುರುತು ಹಚ್ಚಿದರೆ ಸಾಕು, ಚೌಕ ಬದಲಾದರೆ ಪ್ರೋಗ್ರಾಮಿನ ಪ್ರತಿ ಬದಲಾಗುತ್ತಿತ್ತು, ಪ್ರೋಗ್ರಾಮಿನ ಪ್ರತಿ ಬದಲಾದರೆ ಚೌಕವೂ ಬದಲಾಗುತ್ತಿತ್ತು. ಇದು ಇಮ್ಮುಖ ಬೆಸುಗೆ. ಇದನ್ನು ಸಾಧಿಸಲು ಅದು ತಾನು ಕಾಯುತ್ತಿದ್ದ ಎಲ್ಲ ಮೌಲ್ಯಗಳನ್ನೂ ಮತ್ತೆ ಮತ್ತೆ ಹೋಲಿಸಿ ನೋಡುತ್ತಿತ್ತು. ಒಂದು ಬದಲಾವಣೆ ಇನ್ನೊಂದನ್ನು, ಅದು ಮತ್ತೊಂದನ್ನು ಎಬ್ಬಿಸುತ್ತ ಹೋದರೆ ಹತ್ತು ಸುತ್ತುಗಳ ನಂತರ ಕೈಚೆಲ್ಲಿ ದೋಷವೆಂದು ಸಾರುತ್ತಿತ್ತು. ದಿನದ ಕೊನೆಗೆ ಲೆಕ್ಕ ತಾಳೆಯಾಗದೆ ಎಲ್ಲ ಖಾತೆಗಳನ್ನೂ ಮೊದಲಿನಿಂದ ಕೂಡಿಸಿ ನೋಡಿದವರಿಗೆ ಈ ಕಷ್ಟ ಅರ್ಥವಾಗುತ್ತದೆ. ಆಂಗ್ಯುಲರ್‌ಜೆಎಸ್‌ಗೆ ಅಧಿಕೃತ ಬೆಂಬಲ 2021ರ ಡಿಸೆಂಬರ್ ಅಂತ್ಯಕ್ಕೆ ಮುಗಿಯಿತು. 2016ರಲ್ಲಿ ಬಂದ ಅದರ ಉತ್ತರಾಧಿಕಾರಿ ಆಂಗ್ಯುಲರ್ ಬೇರೆಯದೇ ರಚನೆಯದು.

2013ರಲ್ಲಿ ಫೇಸ್‌ಬುಕ್ ಬಿಡುಗಡೆ ಮಾಡಿದ ರಿಯಾಕ್ಟ್ ಮಾತ್ರ ಇನ್ನೊಂದು ದಾರಿ ಹಿಡಿಯಿತು. ನಮಗೆ ಹೆಚ್ಚು ಮೆಚ್ಚುಗೆಯಾದುದೂ ಅದೇ. ಬ್ಯಾಂಕಿನ ಪಾಸ್ ಪುಸ್ತಕವನ್ನು ನೆನಪಿಸಿಕೊಳ್ಳಿ. ಅದರಲ್ಲಿರುವುದು ಲೆಡ್ಜರಿನ ನಕಲು. ಗ್ರಾಹಕರು ತಮ್ಮ ಪೆನ್ನಿನಿಂದ ಪಾಸ್ ಪುಸ್ತಕದಲ್ಲಿ ಹತ್ತು ಸಾವಿರ ಎಂದು ಬರೆದುಕೊಂಡರೆ ಖಾತೆಯಲ್ಲಿ ಹತ್ತು ಸಾವಿರ ಏರುವುದಿಲ್ಲ. ಚಲನ್ ಬರೆದು ಕೊಡಬೇಕು, ಅದು ಲೆಡ್ಜರಿಗೆ ಏರಬೇಕು, ಅಲ್ಲಿಂದ ಪಾಸ್ ಪುಸ್ತಕಕ್ಕೆ ಇಳಿಯಬೇಕು. ರಿಯಾಕ್ಟ್‌ನ ‘ಕಂಟ್ರೋಲ್ಡ್’ ಚೌಕವೂ ಹೀಗೆಯೇ. ನಾವು ಒಂದು ಅಕ್ಷರ ಒತ್ತಿದಾಗ ‘ಆನ್‌ಚೇಂಜ್’ ಎಂಬ ಚಲನ್ ಹೊರಡುತ್ತದೆ. ಪ್ರೋಗ್ರಾಂ ಅದನ್ನು ಪರಿಶೀಲಿಸಿ ತನ್ನ ‘ಸ್ಟೇಟ್’ ಎಂಬ ಲೆಡ್ಜರಿನಲ್ಲಿ ಬರೆದುಕೊಳ್ಳುತ್ತದೆ. ಆ ಬಳಿಕವೇ ಚೌಕದಲ್ಲಿ ಅದು ನೆಲೆಗೊಳ್ಳುತ್ತದೆ. ಚೌಕಕ್ಕೆ ಮೌಲ್ಯವನ್ನು ಕೊಟ್ಟು ಚಲನ್ ಸ್ವೀಕರಿಸುವವರನ್ನೇ ನೇಮಿಸದಿದ್ದರೆ, ಎಷ್ಟು ಒತ್ತಿದರೂ ಅಕ್ಷರ ಮೂಡದು. ಹೊಸದಾಗಿ ಕಲಿಯುವ ಹುಡುಗರು ಕೀಲಿಮಣೆ ಕೆಟ್ಟಿತೆಂದು ಭಾವಿಸುವುದು ಇಲ್ಲಿಯೇ.

ಎಲ್ಲ ಚೌಕಗಳನ್ನೂ ಹೀಗೆ ಬಿಗಿಯಲೇಬೇಕೆಂದಿಲ್ಲ. ಆರಂಭಿಕ ಮೌಲ್ಯವನ್ನಷ್ಟೇ ಕೊಟ್ಟು ಉಳಿದುದನ್ನು ಬ್ರೌಸರಿಗೇ ಬಿಟ್ಟು, ಕೊನೆಯಲ್ಲಿ ಒಮ್ಮೆ ಓದಿಕೊಳ್ಳುವ ‘ಅನ್‌ಕಂಟ್ರೋಲ್ಡ್’ ಪದ್ಧತಿಯೂ ಇದೆ. ಭಾವಚಿತ್ರ ಅಥವಾ ದಾಖಲೆಯ ಕಡತವನ್ನು ಆರಿಸುವ ಚೌಕಕ್ಕೆ ರಿಯಾಕ್ಟ್‌ನಲ್ಲಿ ಈ ಪದ್ಧತಿಯೇ ಗತಿ. ಬಳಕೆದಾರರ ಯಂತ್ರದಿಂದ ಯಾವ ಕಡತ ಹೊರಡಬೇಕೆಂದು ಪುಟದ ಪ್ರೋಗ್ರಾಂ ತಾನೇ ಬರೆದುಕೊಳ್ಳಲು ಬ್ರೌಸರುಗಳು ಬಿಡುವುದಿಲ್ಲ. ಬಿಟ್ಟರೆ ನಮ್ಮ ಮನೆಯ ಬೀಗ ಅವರ ಕೈಯಲ್ಲಿದ್ದಂತೆ.

2014ರಲ್ಲಿ ಇವಾನ್ ಯೂ ಅವರು ಹೊರತಂದ ವ್ಯೂ ಇವೆರಡರ ನಡುವೆ ನಿಲ್ಲುತ್ತದೆ. ಅದರ ‘ವಿ-ಮಾಡೆಲ್’ ಮೇಲುನೋಟಕ್ಕೆ ಇಮ್ಮುಖ ಬೆಸುಗೆ. ಒಳಗೆ ನೋಡಿದರೆ ಮೌಲ್ಯವನ್ನು ಇಳಿಸುವುದು ಒಂದು, ಬದಲಾವಣೆಯ ಸುದ್ದಿಯನ್ನು ಏರಿಸುವುದು ಇನ್ನೊಂದು, ಹೀಗೆ ಎರಡು ಒಮ್ಮುಖ ಹಾದಿಗಳ ಸಂಕ್ಷೇಪ ರೂಪ. 2016ರ ಸ್ವೆಲ್ಟ್‌ನಲ್ಲಿ ‘ಬೈಂಡ್’ ಎಂಬ ಪದವನ್ನೇ ಬರೆಯುತ್ತಾರೆ.

ಬೆಸುಗೆ ತಪ್ಪಿದರೆ ಆಗುವ ಹಾನಿ ಅಂಕಿಗಳಲ್ಲಿ ಬೇಗ ಕಾಣುತ್ತದೆ. ಚೌಕದಿಂದ ಬರುವುದೆಲ್ಲ ಮೂಲತಃ ಬರಹ, ಸಂಖ್ಯೆಯಲ್ಲ. ಎರಡು ಚೌಕಗಳಿಂದ 500 ಮತ್ತು 50 ಎಂಬುವನ್ನು ತಂದು ನೇರವಾಗಿ ಕೂಡಿಸಿದರೆ ಜಾವಾಸ್ಕ್ರಿಪ್ಟ್ ಅವುಗಳನ್ನು ಪಕ್ಕಪಕ್ಕ ಅಂಟಿಸಿ 50050 ಎನ್ನುತ್ತದೆ. ಇದನ್ನು ತಪ್ಪಿಸಲು ವ್ಯೂ ಮತ್ತು ಸ್ವೆಲ್ಟ್ ಸಂಖ್ಯೆಯ ಚೌಕದಿಂದ ಬಂದುದನ್ನು ತಾವೇ ಸಂಖ್ಯೆಯಾಗಿ ಪರಿವರ್ತಿಸುತ್ತವೆ. ಮೊತ್ತಕ್ಕೆ ಅದು ಸರಿ. ಆದರೆ ಖಾತೆ ಸಂಖ್ಯೆಯನ್ನೂ ಅಂಥ ಚೌಕದಲ್ಲಿ ಕೇಳಿದರೆ ಮುಂದಿನ ಸೊನ್ನೆಗಳು ಉದುರಿಹೋಗುತ್ತವೆ. ಮುಂಬಯಿಯ 022 ಬರಿಯ 22 ಆಗುತ್ತದೆ. ಅಂಕಿಗಳು ಹೆಚ್ಚಾದರೆ ಇನ್ನೂ ಕೆಡುಕು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಪೂರ್ಣಾಂಕ 9007199254740991ರವರೆಗೆ ಮಾತ್ರ ನಂಬಿಕೆಗೆ ಅರ್ಹ. 9007199254740993 ಎಂದು ಬರೆದರೆ ಅದು ಸದ್ದಿಲ್ಲದೆ ಕೊನೆಯ ಅಂಕಿಯನ್ನು 2 ಮಾಡುತ್ತದೆ. ಖಾತೆ ಸಂಖ್ಯೆಯನ್ನು ಯಾರೂ ಕೂಡಿಸಿ ಕಳೆಯುವುದಿಲ್ಲ. ಅದು ಅಂಕಿಗಳಲ್ಲಿ ಬರೆದ ಹೆಸರು, ಬರಹವಾಗಿಯೇ ಉಳಿಯತಕ್ಕದ್ದು.

ಒಪ್ಪಿಗೆಯ ಚೌಕದಲ್ಲಿ ಇನ್ನೊಂದು ಬಲೆ. ಅಲ್ಲಿ ಸರಿ ಗುರುತು ಹಾಕಿದ್ದಾರೆಯೇ ಎಂಬುದನ್ನು ಹೇಳುವ ಗುಣ ‘ಚೆಕ್ಡ್’. ಅದನ್ನು ಬಿಟ್ಟು ‘ವ್ಯಾಲ್ಯೂ’ ಓದಿದರೆ, ಬೇರೇನೂ ನಿಗದಿ ಮಾಡದಿದ್ದಲ್ಲಿ, ಗುರುತು ಹಾಕಿದರೂ ಹಾಕದಿದ್ದರೂ ‘ಆನ್’ ಎಂದೇ ಉತ್ತರ. ಒಪ್ಪದವರನ್ನೂ ಒಪ್ಪಿದವರ ಪಟ್ಟಿಗೆ ಸೇರಿಸಲು ಇಷ್ಟು ಸಾಕು.

ಇನ್ನು ಹೆಸರಿನ ವಿಷಯ. ನಮ್ಮ ಓದುಗರಿಗೆ ಇದು ಹೆಚ್ಚು ಹತ್ತಿರದ್ದು. ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಚೌಕಗಳು ರೂಢಿ. ಇನಿಷಿಯಲ್ ಮತ್ತು ಒಂದೇ ಹೆಸರಿನೊಡನೆ ಹಳೆಯ ಮೈಸೂರು ಕಡೆಯಿಂದ ಬಂದವರು ಮೂರನೆಯ ಚೌಕದಲ್ಲಿ ಏನನ್ನಾದರೂ ತುಂಬಲೇಬೇಕಾಗಿ ಬಂದಾಗ ತಂದೆಯ ಹೆಸರೋ ಊರಿನ ಹೆಸರೋ ಅಡ್ಡಹೆಸರಾಗಿಬಿಡುತ್ತದೆ. ಮುಂದೆ ಒಂದು ದಾಖಲೆಯ ಹೆಸರು ಇನ್ನೊಂದಕ್ಕೆ ತಾಳೆಯಾಗದಿದ್ದರೆ ಕೌಂಟರಿನಲ್ಲಿ ಕೆಲಸ ನಿಲ್ಲುತ್ತದೆ. ಇದನ್ನು ನಾವು ಮೇಜಿನ ಈಚೆಯಿಂದ ಎಷ್ಟೋ ಬಾರಿ ನೋಡಿದ್ದೇವೆ.

ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಬೆಸುಗೆ ಮತ್ತಷ್ಟು ನಾಜೂಕಾಗುತ್ತದೆ. ರೋಮನ್ ಅಕ್ಷರಗಳಲ್ಲಿ ಒತ್ತಿ ಕನ್ನಡ ಪಡೆಯುವ ಕೀಲಿಮಣೆಗಳಲ್ಲಿ ಪದ ಪೂರ್ತಿಯಾಗುವ ತನಕ ಅದು ಕರಡಿನ ಸ್ಥಿತಿಯಲ್ಲಿರುತ್ತದೆ. ಸಾಮಾನ್ಯವಾಗಿ ಕೆಳಗೆ ಒಂದು ಗೆರೆ ಕಾಣುತ್ತದೆ. ವ್ಯೂನ ವಿ-ಮಾಡೆಲ್ ಈ ಕರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಪದ ಮುಗಿದ ಮೇಲಷ್ಟೇ ಪ್ರೋಗ್ರಾಮಿಗೆ ತಿಳಿಸುತ್ತದೆ. ಚೀನೀ, ಜಪಾನೀ, ಕೊರಿಯನ್ ಬರಹಗಾರರನ್ನು ಮುಖ್ಯವಾಗಿ ಗಮನದಲ್ಲಿಟ್ಟ ವಿವೇಕದ ಏರ್ಪಾಡಿದು. ಆದರೆ ಬರೆದಂತೆಲ್ಲ ಸದಸ್ಯರ ಪಟ್ಟಿಯನ್ನು ಸೋಸಿ ತೋರಿಸುವ ಹುಡುಕು ಚೌಕದಲ್ಲಿ ಇದೇ ಕಾರಣದಿಂದ ಪಟ್ಟಿ ಅಲುಗದೆ ನಿಂತಂತೆ ಕಾಣುತ್ತದೆ. ರಿಯಾಕ್ಟ್‌ನಲ್ಲಿ ಚಲನ್ ಪ್ರತಿ ಹೆಜ್ಜೆಗೂ ಬರುತ್ತದೆ. ಪ್ರೋಗ್ರಾಂ ಅವಸರದಿಂದ ಕರಡನ್ನೇ ತಿದ್ದಿ ಹಿಂದಕ್ಕೆ ಬರೆದರೆ ಪದ ಅರ್ಧದಲ್ಲೇ ಮುರಿಯುತ್ತದೆ.

ಪುಟದಲ್ಲೇ ಅಳವಡಿಸಿದ ಲಿಪ್ಯಂತರಣದ ತುಣುಕು ಪ್ರೋಗ್ರಾಮುಗಳೂ ಇವೆ. ಅವು ರೋಮನ್ ಅಕ್ಷರವನ್ನು ಅಳಿಸಿ ಕನ್ನಡವನ್ನು ನೇರವಾಗಿ ಚೌಕಕ್ಕೆ ಬರೆಯುತ್ತವೆ. ಹೀಗೆ ಪ್ರೋಗ್ರಾಂ ಬರೆದಾಗ ಬ್ರೌಸರ್ ‘ಬದಲಾಯಿತು’ ಎಂಬ ಸುದ್ದಿಯನ್ನು ತಾನಾಗಿ ಹೊರಡಿಸುವುದಿಲ್ಲ. ಪಾಸ್ ಪುಸ್ತಕದಲ್ಲಿ ಪೆನ್ನಿನಿಂದ ಬರೆದ ಹಾಗೆಯೇ ಆಯಿತು: ಚೌಕದಲ್ಲಿ ಕನ್ನಡ, ಲೆಡ್ಜರಿನಲ್ಲಿ ಶೂನ್ಯ. ಆರಂಭದಲ್ಲಿ ಹೇಳಿದ ಕೆಂಪು ಸಾಲಿಗೆ ಇದೊಂದು ಕಾರಣ. ಇನ್ನೊಂದು, ಸಂಪರ್ಕ ನಿಧಾನವಿರುವಲ್ಲಿ ಪುಟ ಕಾಣಿಸಿಕೊಂಡರೂ ಅದರ ಪ್ರೋಗ್ರಾಂ ಇನ್ನೂ ಬಂದಿಳಿದಿರುವುದಿಲ್ಲ. ಗುಮಾಸ್ತರು ಬರುವ ಮುನ್ನವೇ ಕಿಟಕಿಯಲ್ಲಿ ಚಲನ್ ಇಟ್ಟುಹೋದರೆ ಏನಾದೀತೋ ಅದೇ ಆಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಅನಾಹುತ ಮಾಡುವುದು ಶುದ್ಧೀಕರಣದ ಉತ್ಸಾಹ. ಹೆಸರಿನಲ್ಲಿ ಅಂಕಿ, ಚಿಹ್ನೆ ಬಾರದಿರಲೆಂದು ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುವ ಜರಡಿಯನ್ನು ಚೌಕ ಮತ್ತು ಸ್ಟೇಟ್‌ಗಳ ನಡುವೆ ಇಡುತ್ತಾರೆ. ಎ ಇಂದ ಝಡ್‌ವರೆಗೆ ಮಾತ್ರ ಎಂದರೆ ಕನ್ನಡ ಪೂರ್ತಿ ಮಾಯ. ಎಲ್ಲ ಭಾಷೆಗಳ ಅಕ್ಷರಗಳೂ ಇರಲಿ ಎಂದು ಉದಾರವಾಗಿ ಬರೆದವರೂ ಎಡವುತ್ತಾರೆ. ಯುನಿಕೋಡ್ ವಿಂಗಡಣೆಯಲ್ಲಿ ನಮ್ಮ ಕ, ನ, ಸ ಅಕ್ಷರಗಳು. ಗುಣಿತದ ಚಿಹ್ನೆಗಳು ಮತ್ತು ಒತ್ತಕ್ಷರವನ್ನು ಕಟ್ಟುವ ವಿರಾಮಚಿಹ್ನೆ ಅಕ್ಷರಗಳಲ್ಲ, ಅವು ‘ಮಾರ್ಕ್’ ಎಂಬ ಬೇರೆ ವರ್ಗ. ಅಕ್ಷರಗಳನ್ನು ಮಾತ್ರ ಬಿಡುವ ಜರಡಿಯಲ್ಲಿ ‘ಶ್ರೀನಿವಾಸ’ ಹಾದರೆ ಆಚೆ ಬರುವುದು ‘ಶರನವಸ’. ಜರಡಿಗೆ ಅಕ್ಷರ ಮತ್ತು ಮಾರ್ಕ್ ಎರಡನ್ನೂ ಹೇಳಿಕೊಡಬೇಕು. ಉದ್ದದ ಮಿತಿಯೂ ಹಾಗೆಯೇ. ಶ್ರೀ, ನಿ, ವಾ, ಸ ಎಂದು ನಮ್ಮ ಎಣಿಕೆಯಲ್ಲಿ ನಾಲ್ಕು. ಚೌಕದ ಎಣಿಕೆಯಲ್ಲಿ ಒಂಬತ್ತು. ಎಂಟಕ್ಕೆ ಮಿತಿ ಹಾಕಿದರೆ ಹೆಸರಿನ ಬಾಲ ತುಂಡಾಗುತ್ತದೆ.

ಹೆಸರಿನ ಹಿಂದುಮುಂದಿನ ಖಾಲಿ ಜಾಗವನ್ನು ಕತ್ತರಿಸುವುದು ಒಳ್ಳೆಯದೇ. ಅದನ್ನು ಪ್ರತಿ ಒತ್ತಿಗೂ ಮಾಡಿದರೆ ‘ವೆಂಕಟ’ ಎಂದ ಮೇಲೆ ಕೊಟ್ಟ ಜಾಗ ಆ ಕ್ಷಣವೇ ಅಳಿದು ‘ವೆಂಕಟರಾವ್’ ಒಂದಾಗುತ್ತದೆ. ವ್ಯೂನ ‘ಟ್ರಿಮ್’ ಸೌಲಭ್ಯ ಪ್ರೋಗ್ರಾಮಿನ ಪ್ರತಿಯನ್ನು ಮಾತ್ರ ಕತ್ತರಿಸಿ, ಚೌಕದಲ್ಲಿರುವುದನ್ನು ನಾವು ಅಲ್ಲಿಂದ ಹೊರಬಂದ ಮೇಲೆ ಸರಿಪಡಿಸುತ್ತದೆ. ರಿಯಾಕ್ಟ್‌ನವರು ಈ ಸೌಜನ್ಯವನ್ನು ತಾವೇ ಬರೆದುಕೊಳ್ಳಬೇಕು.

ಈಗ ಅನೇಕ ಕನ್ನಡ ಸಂಘಗಳು ಸದಸ್ಯತ್ವದ ಅರ್ಜಿಯನ್ನು ತಮ್ಮ ಸದಸ್ಯರ ಮಕ್ಕಳಿಂದಲೇ ಮಾಡಿಸಿಕೊಳ್ಳುತ್ತಿವೆ. ಅಂಥ ಅರ್ಜಿ ಸಿದ್ಧವಾದಾಗ ಹಿರಿಯರು ಕುಳಿತು ಪರೀಕ್ಷಿಸುವುದಕ್ಕೆ ಪ್ರೋಗ್ರಾಮಿನ ಜ್ಞಾನ ಬೇಡ. ಶ್ರೀನಿವಾಸ, ಲಕ್ಷ್ಮೀ, ಕೃಷ್ಣಮೂರ್ತಿ ಎಂಬ ಹೆಸರುಗಳನ್ನು ಒಮ್ಮೆ ಗಣಕದ ಕೀಲಿಮಣೆಯಿಂದ, ಒಮ್ಮೆ ಮೊಬೈಲಿನಿಂದ ತುಂಬಿರಿ. ಸೊನ್ನೆಯಿಂದ ಆರಂಭವಾಗುವ ದೂರವಾಣಿ ಸಂಖ್ಯೆ ಕೊಡಿ. ಇನಿಷಿಯಲ್ ಒಂದನ್ನೇ ಇಟ್ಟು ಅಡ್ಡಹೆಸರಿನ ಚೌಕವನ್ನು ಖಾಲಿ ಬಿಡಿ. ಒಪ್ಪಿಗೆಯ ಗುರುತನ್ನು ಹಾಕಿ, ಮತ್ತೆ ತೆಗೆಯಿರಿ. ಗುಂಡಿ ಒತ್ತಿದ ಮೇಲೆ ‘ಧನ್ಯವಾದಗಳು’ ಎಂದು ಬಂದುದಕ್ಕೆ ಏಳಬೇಡಿ. ಸಂಘದ ಕಡತದಲ್ಲಿ ಏನು ದಾಖಲಾಗಿದೆಯೋ ಅದನ್ನು ತೆರೆಸಿ, ಕಾಗದದಲ್ಲಿ ಬರೆದಿಟ್ಟುಕೊಂಡ ಹೆಸರಿನೊಡನೆ ಒಂದೊಂದೇ ಅಕ್ಷರ ಹಿಡಿದು ತಾಳೆ ನೋಡಿ.