ಲಾರಿ ನೀರು ಕುಡಿಯುತ್ತಿದೆಯೇ? ಹೆಡ್ ಬಿಚ್ಚಲು ಅವಸರ ಬೇಡ

ಗದಗ: ಉಳ್ಳಾಗಡ್ಡಿ ಸುಗ್ಗಿ ಬಂತೆಂದರೆ ಮುಂಡರಗಿ-ಗದಗ ರಸ್ತೆಯಲ್ಲಿ ಈ ದೃಶ್ಯ ತಪ್ಪದು. ಡಂಬಳದ ಆಚೀಚೆ ರಸ್ತೆ ಬದಿಗೆ ನಿಂತ ಲಾರಿ. ಕೊಡ ಹಿಡಿದು ಹತ್ತಿರದ ಹೊಲದ ಬೋರಿನ ಕಡೆ ಓಡುವ ಕ್ಲೀನರ್ ಹುಡುಗ. ತಲೆಗೆ ಕೈ ಹಚ್ಚಿ ಕುಂತ ಡ್ರೈವರ್. ಮುಂಜಾನೆಯಿಂದ ಇದು ಮೂರನೇ ಸಲ. ರೇಡಿಯೇಟರ್ ಸೋರಿಲ್ಲ, ಪೈಪು ಒಡೆದಿಲ್ಲ, ಎಂಜಿನ್ ಕೆಳಗಿನ ನೆಲ ಒಣಗಿದ್ದು ಒಣಗಿದ ಹಾಗೇ ಇದೆ. ಹಾಗಾದರೆ ಹಾಕಿದ ನೀರು ಹೋಯಿತೆಲ್ಲಿಗೆ?

ಎಂಜಿನ್ನಿನ ಹೊಟ್ಟೆಯೊಳಕ್ಕೆ! ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂತಿರುವ ಒಂದು ತೆಳ್ಳನೆಯ ಹಾಳೆ ಇದೆ. ಅದೇ ಹೆಡ್ ಗ್ಯಾಸ್ಕೆಟ್. ಒಳಗೆ ಡೀಸೆಲ್ ಉರಿಯುವ ಒತ್ತಡ ಲಾರಿಯ ಗಾಲಿಯೊಳಗಿನ ಗಾಳಿಗಿಂತ ಹಲವು ಪಟ್ಟು ಹೆಚ್ಚು. ಅದರ ಮಗ್ಗುಲಲ್ಲೇ ನೀರಿನ ದಾರಿ, ಅದರಾಚೆ ಆಯಿಲ್ ದಾರಿ. ಬೆಂಕಿ, ನೀರು, ಎಣ್ಣೆ ಮೂವರೂ ಒಬ್ಬರ ಮನೆಗೊಬ್ಬರು ಹೋಗದಂತೆ ತಡೆಯುವ ಗೋಡೆ ಅಂದರೆ ಈ ಹಾಳೆಯೇ. ಟಾಟಾ ಕಂಪನಿಯವರು 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ ಲಾರಿ ಕಟ್ಟಿದರು. ಆ ಮನೆತನದ 697 ಎಂಜಿನ್ನಿನ ಹೆಸರಿನಲ್ಲೇ ಲೆಕ್ಕವಿದೆ: ಸಿಲಿಂಡರ್ ಆರು, ಒಂದೊಂದರ ಬಾಯಿ 97 ಮಿ.ಮೀ. ಆ ಆರೂ ಬಾಯಿಗಳನ್ನು ಕಾಯುವುದು ಒಂದೇ ಹಾಳೆ. ಎಲ್ಲಾದರೂ ಒಂದು ಕಡೆ ಸುಟ್ಟರೆ ಮುಗಿಯಿತು.

ಒಂದೇ ಲಾರಿಯ ಮಾಲಕನಿಗೆ ಇದು ಸಣ್ಣ ಸಂಗತಿಯಲ್ಲ. ಮೇಲೆ ಹೇರಿದ ಉಳ್ಳಾಗಡ್ಡಿ ಬಿಸಿಲಿಗೆ ಬೆವರುತ್ತದೆ. ರೈತ ಫೋನ್ ಮಾಡುತ್ತಾನೆ. ಎ.ಪಿ.ಎಂ.ಸಿ.ಯಲ್ಲಿ ಸವಾಲು ಇವನಿಗಾಗಿ ಕಾಯುವುದಿಲ್ಲ, ಸಾಲದ ಕಂತೂ ಕಾಯುವುದಿಲ್ಲ. ಈ ಗಾಬರಿಯಲ್ಲೇ ಆತ ಸಿಕ್ಕ ಗ್ಯಾರೇಜಿಗೆ ಲಾರಿ ಎಳೆಸುತ್ತಾನೆ. "ಹೆಡ್ ಗ್ಯಾಸ್ಕೆಟ್ ಹೋಗೈತ್ರಿ, ಬಿಚ್ಚೂದ" ಎಂಬ ಮಾತು ಬಾಯಿಂದ ಬೀಳುವುದರೊಳಗೆ ಪಾನಾ ಕೈಗೆ ಬಂದಿರುತ್ತದೆ. ಹೆಡ್ ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಚೆನ್ನಾಗಿಯೇ ಇದ್ದರೆ? ಮಜೂರಿ ಹೋಯಿತು, ಎರಡು ದಿನ ಹೋಯಿತು, ರೋಗ ಮಾತ್ರ ಇದ್ದಲ್ಲೇ ಇದೆ.

ಬಲ್ಲ ಮಿಸ್ತ್ರಿಯ ರೀತಿ ಬೇರೆ. "ಕಾಕಾ, ನೀರು ಎಷ್ಟು ಕುಡೀತೈತಿ? ಆಯಿಲ್ ಏರೈತೋ ಇಳದೈತೋ? ಹೊಗಿ ಯಾ ಬಣ್ಣ?" ಎಂದು ಮೊದಲು ಬಾಯಿಂದಲೇ ಅರ್ಧ ತಪಾಸಣೆ ಮುಗಿಸುತ್ತಾನೆ. ಚಳಿಯ ಮುಂಜಾನೆ ಎಲ್ಲ ಲಾರಿಯೂ ತುಸು ಬಿಳಿ ಹೊಗೆ ಬಿಡುತ್ತದೆ, ಅದಕ್ಕೆ ಹೆದರಬೇಕಿಲ್ಲ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಸಂಶಯಪಡಬೇಕು. ಆ ಹೊಗೆ ಕಣ್ಣು ಉರಿಸಿದರೆ ಅದು ಹಸಿ ಡೀಸೆಲ್, ದೋಷ ನೋಜಲ್ಲಿನದು. ಉರಿಸದೆ ಹಬೆಯಂತಿದ್ದರೆ ನೀರು.

ಇನ್ನು ಆಯಿಲ್. ಕಡ್ಡಿ ಎಳೆದು ನೋಡಿದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಚೇಂಬರಿಗೆ ಇಳಿದಿದೆ ಎಂದೇ ಅರ್ಥ. ಬಣ್ಣ ಕೆಡದಿದ್ದರೂ ಹಳಬರ ಒಂದು ಉಪಾಯವಿದೆ. ರಾತ್ರಿಯಿಡೀ ಲಾರಿ ನಿಲ್ಲಿಸಿ, ಮುಂಜಾನೆ ಸ್ಟಾರ್ಟ್ ಮಾಡುವ ಮುನ್ನ ಚೇಂಬರಿನ ಕೆಳಗಿನ ನಟ್ಟು ಮೆಲ್ಲಗೆ ಸಡಿಲಿಸುವುದು. ನೀರು ಆಯಿಲ್‌ಗಿಂತ ಭಾರ, ತಳಕ್ಕೆ ಕೂತಿರುತ್ತದೆ. ಮೊದಲು ತೊಟ್ಟಿಕ್ಕುವುದು ನೀರಾದರೆ ಮತ್ತೇನು ಸಾಕ್ಷಿ ಬೇಕು? ಇಂಥ ಆಯಿಲ್‌ನಲ್ಲಿ ಲಾರಿ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಬಳಿಕ ಕ್ರ್ಯಾಂಕ್.

ಮೂರನೆಯದು ಗುಳ್ಳೆ ಪರೀಕ್ಷೆ. ಎಂಜಿನ್ ಪೂರ್ತಿ ಆರಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆಯಬೇಕು. ಕಾದಾಗ ತೆಗೆದು ಮುಖ ಸುಟ್ಟುಕೊಂಡವರು ಹೆದ್ದಾರಿಗಳ ಮೇಲೆ ಕಡಿಮೆಯಿಲ್ಲ. ಫ್ಯಾನ್ ಬೆಲ್ಟ್ ಬಿಚ್ಚಿ ನೀರಿನ ಪಂಪು ನಿಲ್ಲಿಸಿ, ಬಾಯಿ ತನಕ ನೀರು ತುಂಬಿ, ಒಂದೆರಡು ನಿಮಿಷ ಮಾತ್ರ ಎಂಜಿನ್ ಓಡಿಸುವುದು. ಪಂಪು ನಿಂತ ನೀರು ಸುಮ್ಮನಿರಬೇಕು. ಗುಳುಗುಳು ಎಂದು ಗುಳ್ಳೆ ಏಳುತ್ತಲೇ ಇದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ.

ಯಾವ ಸಿಲಿಂಡರ್? ಹಳೆಯ ಪಂಪಿನ ಎಂಜಿನ್ ಇದ್ದರೆ ನೋಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ಗುಳ್ಳೆ ಕಡಿಮೆಯಾಯಿತೋ ಅದೇ ಕಳ್ಳ. ಆದರೆ ಹುಡುಗರೇ, ಈ ಆಟ ಹೊಸ ಕಾಮನ್ ರೈಲ್ ಲಾರಿಗಳ ಮುಂದೆ ಬೇಡವೇ ಬೇಡ! ಅಲ್ಲಿ ಡೀಸೆಲ್ ಒತ್ತಡ 1,000 ಬಾರ್‌ಗೂ ಮೀರಿರುತ್ತದೆ. ಸಡಿಲಾದ ನಟ್ಟಿನಿಂದ ಚಿಮ್ಮಿದ ಡೀಸೆಲ್ ಸೂಜಿಯಂತೆ ಚರ್ಮದೊಳಗೇ ಹೊಕ್ಕೀತು.

ಗುಳ್ಳೆ ಕಂಡೊಡನೆ ಹೆಡ್ ಬಿಚ್ಚುವುದೂ ತಪ್ಪೇ. ಬ್ರೇಕಿನ ಗಾಳಿ ತಯಾರಿಸುವ ಕಂಪ್ರೆಸರ್‌ಗೂ ಅನೇಕ ಲಾರಿಗಳಲ್ಲಿ ಇದೇ ನೀರು ಸುತ್ತುತ್ತದೆ. ಅದರ ಅಂಗೈಯಗಲದ ಗ್ಯಾಸ್ಕೆಟ್ ಸೀಳಿದರೂ ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತದೆ. ಕಂಪ್ರೆಸರಿನ ನೀರಿನ ಪೈಪು ಬೇರ್ಪಡಿಸಿ ನೋಡಿದಾಗ ಗುಳ್ಳೆ ನಿಂತರೆ ಕೆಲಸ ಅರ್ಧ ದಿನದ್ದು. ಹಾಗೆಯೇ ಆಯಿಲ್ ಕೂಲರ್ ತೂತಾದರೆ ಎಂಜಿನ್ ಓಡುವಾಗ ಆಯಿಲ್ ನೀರಿಗೆ ಹೋಗುತ್ತದೆ, ನಿಂತಾಗ ನೀರು ಆಯಿಲ್‌ಗೆ ಬರುತ್ತದೆ. ರೇಡಿಯೇಟರ್ ಬಾಯಲ್ಲಿ ಕಂದು ಕೆನೆ ಕಟ್ಟಿದ್ದರೆ ಮೊದಲು ನೋಡಬೇಕಾದ್ದು ಕೂಲರ್. ಬಡ ಮಾಲಕನ ದುಡ್ಡು ಹೆಚ್ಚಾಗಿ ಪೋಲಾಗುವುದು ಇವೆರಡನ್ನು ನೋಡದ ಗ್ಯಾರೇಜಿನಲ್ಲೇ.

ದೋಷ ಹೆಡ್ ಗ್ಯಾಸ್ಕೆಟ್ಟಿನದೇ ಎಂದು ಖಾತ್ರಿಯಾದರೆ ಲಾರಿಯನ್ನು ಸೆಲ್ಫ್ ಹೊಡೆದು ಒಳಗೆ ತರಬಾರದು, ತಳ್ಳಿ ತರಬೇಕು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೆಡ್ ಎತ್ತಿದ ಮೇಲೆ ಹಳೇ ಹಾಳೆಯನ್ನು ಬಿಸಾಡದೆ ಓದಬೇಕು. ಎಲ್ಲಿ ಕಪ್ಪು ಗೆರೆ ಬಾಯಿಂದ ನೀರಿನ ತೂತಿಗೆ ಓಡಿದೆಯೋ ಆ ಜಾಗದಲ್ಲೇ ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡುವುದು. ಸೊಟ್ಟಗಾಗಿದ್ದರೆ ಗ್ರೈಂಡಿಂಗ್‌ಗೆ. ವಾಲ್ವುಗಳ ನಡುವೆ ಬಿರುಕಿದೆಯೇ ಎಂದು ಪ್ರೆಶರ್ ಪರೀಕ್ಷೆ. ಹಳೇ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅಂಥದನ್ನು ಒಣಗಿದ್ದಾಗ ತಂತಿ ಬ್ರಷ್‌ನಿಂದ ಉಜ್ಜಿದರೆ ಧೂಳು ಪುಪ್ಪುಸಕ್ಕೆ ವಿಷ. ಒದ್ದೆ ಮಾಡಿ ಕೆರೆಯಬೇಕು.

ಬೋಲ್ಟ್ ಬಿಗಿಯುವಲ್ಲಿ ಕೈಯಳತೆಯ ಶೂರರು ಇನ್ನೂ ಇದ್ದಾರೆ. ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದರೆ ಬಿಗಿ ಎಂಬ ಭ್ರಮೆ ಅವರದು. ಟಾರ್ಕ್ ರೆಂಚ್ ಹಿಡಿದು ನಡುವಿನಿಂದ ಹೊರಕ್ಕೆ ಹೋಗುತ್ತ, ಕಂಪನಿ ಹೇಳಿದ ಅಳತೆಗೆ ಹಂತ ಹಂತವಾಗಿ ಬಿಗಿಯಬೇಕು. ಬೋಲ್ಟಿನ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬಿಗಿಯುವಾಗ ಬ್ಲಾಕೇ ಸೀಳುವುದುಂಟು.

ಇಷ್ಟಾಗಿಯೂ ಹೊಸ ಗ್ಯಾಸ್ಕೆಟ್ ವರ್ಷದೊಳಗೆ ಮತ್ತೆ ಸುಟ್ಟರೆ ಹಾಳೆಯನ್ನು ಬೈದು ಪ್ರಯೋಜನವಿಲ್ಲ. ನಮ್ಮ ನೀರನ್ನು ನೋಡಬೇಕು. ಮುಂಡರಗಿ ತಾಲೂಕಿನ ಬೋರಿನ ನೀರಿನ ಫ್ಲೋರೈಡ್ ಹಲ್ಲು ಕೆಡಿಸಿದ್ದು ಎಲ್ಲರಿಗೂ ಗೊತ್ತು. ರೇಡಿಯೇಟರ್ ಕೆಡಿಸುವುದು ಅದಲ್ಲ, ಬೋರಿನ ನೀರಿನ ಗಡಸುತನ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಬಚ್ಚಲ ಹಂಡೆಯ ಒಳಗೆ ಕೈಯಾಡಿಸಿದವರಿಗೆ ಆ ಬಿಳಿ ಪೊರೆ ಹೊಸದಲ್ಲ. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿದರೆ ಶಾಖ ಹೊರಗೆ ಹೋಗದು, ಎಂಜಿನ್ ಕಾಯುತ್ತದೆ, ಹೆಡ್ ಸೊಟ್ಟಗಾಗುತ್ತದೆ. ಕಾಯುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವ ಚಾಳಿ ಬೇರೆ! ಕೂಲಂಟ್ ಚಳಿ ದೇಶದ ಮಾತು ಎನ್ನುವವರಿದ್ದಾರೆ. ಅದು ತುಕ್ಕನ್ನು ತಡೆಯುತ್ತದೆ, ಕುದಿತವನ್ನೂ ತಡಮಾಡುತ್ತದೆ. ಅದರಲ್ಲಿ ಬೆರೆಸಬೇಕಾದ್ದು ಡಿಸ್ಟಿಲ್ಡ್ ನೀರು, ಬೋರಿನದ್ದಲ್ಲ.

ಡಂಬಳದ ಬಳಿ ಕೊಡ ಹಿಡಿದು ಓಡಿದ ಹುಡುಗ ತಣ್ಣೀರು ತಂದಾಗ ಡ್ರೈವರ್ "ತಡಿಯೋ ತಮ್ಮಾ, ಎಂಜಿನ್ ಆರಲಿ" ಎನ್ನಬೇಕು. ಕಾದ ಹೆಡ್ಡಿಗೆ ಒಮ್ಮೆಲೇ ತಣ್ಣೀರು ಬಿದ್ದರೆ ಗ್ಯಾಸ್ಕೆಟ್ ಜೊತೆಗೆ ಹೆಡ್ಡೂ ಸೀಳುತ್ತದೆ.