ಎಂಜಿನ್ನಿನ ಎಣ್ಣೆಗೆ ನೀರಿನ ಕಾಟ

ಅಳತೆಕಡ್ಡಿಗೆ ಹತ್ತಿದ ಎಣ್ಣೆ ಕಪ್ಪಾಗಿದ್ದರೆ ಅದು ಕೆಟ್ಟಿತೆಂದು ನಾವು ಭಾವಿಸುವುದುಂಟು. ಹಾಗೇನೂ ಅಲ್ಲ, ಎಣ್ಣೆಯಲ್ಲಿ ಬೆರೆಸಿರುವ ಮಾರ್ಜಕವು ಮಸಿಯನ್ನು ಅಂಟಗೊಡದೆ ತೇಲಿಸುವುದರಿಂದಲೂ ಈ ಕಪ್ಪು ಬರುತ್ತದೆ. ಕಣ್ಣಿಗೆ ಬೀಳದ ಶತ್ರು ನೀರು. ಪೆಟ್ರೋಲಿನ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡುವುದರಿಂದ, ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರ್ ನೀರೇ ಹುಟ್ಟುತ್ತದೆ! ಬಹುಭಾಗ ಆವಿಯಾಗಿ ಹೊಗೆಕೊಳವೆಯಿಂದ ಹೊರಬಿದ್ದರೂ, ಸ್ವಲ್ಪ ಭಾಗ ಪಿಸ್ಟನ್ನಿನ ಬಳೆಗಳ ಸಂದಿನಿಂದ ನುಸುಳಿ ಎಣ್ಣೆಯನ್ನು ಸೇರುತ್ತದೆ. ದೂರದ ಪ್ರಯಾಣದಲ್ಲಿ ಎಣ್ಣೆ ಚೆನ್ನಾಗಿ ಕಾದು ಈ ನೀರು ಆರಿಹೋಗುವುದು. ದಿನವೂ ಎರಡೇ ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿಯಾದರೋ ಅದು ಉಳಿದು, ಆಮ್ಲಗಳೊಡನೆ ಕೂಡಿ ಲೋಹವನ್ನು ತಿನ್ನುತ್ತದೆ. ಆದುದರಿಂದಲೇ ಅನೇಕ ಕೈಪಿಡಿಗಳು ೧೦,೦೦೦ ಕಿಲೋಮೀಟರ್ ಇಲ್ಲವೆ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಎಣ್ಣೆ ಬದಲಿಸಿರೆನ್ನುತ್ತವೆ. ಗಿಡ್ಡ ಓಟದ ಕಾರುಗಳಿಗೆ ಇನ್ನೂ ಬೇಗ.